ಎರಡರಲ್ಲೂ ಪಾಸಾಗದವರು ಯಾರು ಸ್ವಾಮಿ?

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸು ಬಂದ ಮರುದಿನ ಶಾಲೆಯ ನೋಟೀಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿತ್ತು. "ಗಣಿತ ಮತ್ತು ವಿಜ್ಞಾನ ಎರಡರಲ್ಲೂ ಪಾಸಾಗದವರು ಶನಿವಾರ ಮಧ್ಯಾಹ್ನ ವಿಶೇಷ ತರಗತಿಗೆ ತಪ್ಪದೆ ಹಾಜರಾಗತಕ್ಕದ್ದು."

ನಾನು ವಿಜ್ಞಾನದಲ್ಲಿ ಪಾಸು, ಗಣಿತದಲ್ಲಿ ಡುಮ್ಕಿ. ಎರಡರಲ್ಲೂ ಡುಮ್ಕಿ ಹೊಡೆದವರಿಗೆ ತಾನೆ ಹೇಳಿರೋದು ಅಂದುಕೊಂಡು ಶನಿವಾರ ಮನೆಗೆ ಹೋಗಿ ಊಟ ಮಾಡಿ ನಿದ್ದೆ ಹೊಡೆದೆ. ಸೋಮವಾರ ಪ್ರಾರ್ಥನೆ ಮುಗಿಯುತ್ತಿದ್ದಂತೆ ನನ್ನ ಹೆಸರು ಕೂಗಿದರು. ನನ್ನಂಥವರು ಇನ್ನೂ ಹತ್ತು ಹನ್ನೆರಡು ಜನ ಇದ್ದರು.

"ಎರಡರಲ್ಲೂ ಪಾಸಾಗಿದ್ದೀಯೇನೋ?" ಅಂದರು ಹೆಡ್‌ಮಾಸ್ಟರು.

"ಇಲ್ಲ ಸಾರ್."

"ಅಂದ್ಮೇಲೆ ಎರಡರಲ್ಲೂ ಪಾಸಾಗದವನು ತಾನೆ ನೀನು? ಚಾಚು ಕೈ."

ಅಂಗೈಗೆ ಎರಡು ಏಟು. ಒಂದು ಗಣಿತಕ್ಕೆ, ಒಂದು ವಿಜ್ಞಾನಕ್ಕೆ ಅಂತ ಇರಬೇಕು :)

ತಮಾಷೆ ಏನು ಗೊತ್ತಾ? ಅದೇ ತಿಂಗಳು ಗಣಿತದ ಮೇಷ್ಟ್ರು ನಮಗೆ 'ಗಣಗಳು' ಅಧ್ಯಾಯ ಮಾಡುತ್ತಿದ್ದರು. ಡಿ ಮಾರ್ಗನ್ ನಿಯಮವನ್ನು ಬೋರ್ಡಿನ ಮೇಲೆ ಬರೆಸಿ, ನಾವು ಹತ್ತು ಸಲ ಕಾಪಿ ಮಾಡಿ, "ತಾಳೆ ನೋಡಿ" ಅನ್ನುವ ಲೆಕ್ಕಗಳನ್ನು ಡಜನ್‌ಗಟ್ಟಲೆ ಮಾಡಿದ್ದೆವು. ನನ್ನ ಅಂಗೈ ಮೇಲೆ ಬಿದ್ದ ಏಟು ಡಿ ಮಾರ್ಗನ್ ನಿಯಮದ ಏಟು ಅಂತ ಮೇಷ್ಟ್ರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ, ಬಸ್ಸಿನಲ್ಲಿ ಸುಮ್ಮನೆ ಕೂತಿದ್ದಾಗ.

ಈ ಬರಹ ಆ ಅಧ್ಯಾಯದ ಪರವಾಗಿ, ಮತ್ತು ಅದನ್ನು ಕಲಿಸುವ ರೀತಿಯ ವಿರುದ್ಧವಾಗಿ. (ಈ "ಮತ್ತು" ಮೇಲೆ ಒಂದು ಕಣ್ಣಿಟ್ಟಿರಿ, ಅದರ ವಿಚಾರ ಮುಂದೆ ಬರುತ್ತೆ.)

ಏಳೋ, ಇಪ್ಪತ್ತೆರಡೋ?

ಮೊದಲು ಆ ನೋಟೀಸಿನ ಲೆಕ್ಕ ಮುಗಿಸಿಬಿಡೋಣ. ಒಂದು ಕ್ಲಾಸಿನಲ್ಲಿ 52 ಮಕ್ಕಳು ಅಂತ ಇಟ್ಟುಕೊಳ್ಳಿ. ಗಣಿತದಲ್ಲಿ 35 ಮಂದಿ ಪಾಸು. ವಿಜ್ಞಾನದಲ್ಲಿ 40 ಮಂದಿ ಪಾಸು. ಎರಡರಲ್ಲೂ ಪಾಸಾದವರು 30. ಹಾಗಾದರೆ ಒಂದರಲ್ಲಾದರೂ ಪಾಸಾದವರು 35 + 40 - 30, ಅಂದರೆ 45. ಈ 30 ಮಂದಿಯನ್ನು ಎರಡು ಸಲ ಎಣಿಸಿಬಿಟ್ಟಿರುತ್ತೇವಲ್ಲ, ಅದಕ್ಕೇ ಒಂದು ಸಲ ಕಳೆಯೋದು. ಸೂತ್ರ ಅಂತ ಬಾಯಿಪಾಠ ಮಾಡಿಸುವುದೆಲ್ಲ ಇಷ್ಟೇ.

ಈಗ "ಎರಡರಲ್ಲೂ ಪಾಸಾಗದವರು" ಎಷ್ಟು ಮಂದಿ?

ನನ್ನ ಓದು: ಗಣಿತದಲ್ಲೂ ಪಾಸಾಗಿಲ್ಲ, ವಿಜ್ಞಾನದಲ್ಲೂ ಪಾಸಾಗಿಲ್ಲ. 52ರಲ್ಲಿ 45 ಕಳೆದರೆ 7 ಮಂದಿ.

ಹೆಡ್‌ಮಾಸ್ಟರ ಓದು: ಎರಡರಲ್ಲೂ ಪಾಸಾದವರನ್ನು ಬಿಟ್ಟು ಉಳಿದವರೆಲ್ಲ. 52ರಲ್ಲಿ 30 ಕಳೆದರೆ 22 ಮಂದಿ.

ನೋಟೀಸಿನ ಒಂದಕ್ಷರವೂ ಬದಲಾಗಿಲ್ಲ, ಆದರೆ 15 ಮಕ್ಕಳು ನಡುವೆ ನೇತಾಡುತ್ತಿದ್ದಾರೆ! ಇವರಲ್ಲಿ 5 ಮಂದಿ ಗಣಿತದಲ್ಲಿ ಮಾತ್ರ ಪಾಸು, 10 ಮಂದಿ ವಿಜ್ಞಾನದಲ್ಲಿ ಮಾತ್ರ ಪಾಸು. ಈ ಎರಡು ಗುಂಪುಗಳು ಒಂದೇ ಅಲ್ಲ, ಇದನ್ನು ಬಿಡಿಸಿ ಹೇಳು ಅನ್ನುವುದೇ ಡಿ ಮಾರ್ಗನ್ ನಿಯಮ. ಛೇದನದ ಪೂರಕ ಅಂದರೆ ಪೂರಕಗಳ ಸಂಯೋಗ. ಸಂಯೋಗದ ಪೂರಕ ಅಂದರೆ ಪೂರಕಗಳ ಛೇದನ. ನಮ್ಮ ಭಾಷೆಯಲ್ಲಿ: "ಎರಡರಲ್ಲೂ ಪಾಸು" ಅನ್ನುವುದನ್ನು ಅಲ್ಲಗಳೆದರೆ ಸಿಗುವುದು "ಒಂದರಲ್ಲಾದರೂ ಫೇಲು". "ಒಂದರಲ್ಲಾದರೂ ಪಾಸು" ಅನ್ನುವುದನ್ನು ಅಲ್ಲಗಳೆದರೆ ಸಿಗುವುದು "ಎರಡರಲ್ಲೂ ಫೇಲು". ನೋಟೀಸು ಬರೆದವರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ಓದಿದ ನಾನು ಎರಡನೆಯದನ್ನು ಓದಿಕೊಂಡೆ. "ಗಣಿತ, ವಿಜ್ಞಾನಗಳಲ್ಲಿ ಯಾವುದಾದರೂ ಒಂದರಲ್ಲಿ ಫೇಲಾಗಿದ್ದರೂ ಬರಬೇಕು" ಅಂತ ಬರೆದಿದ್ದರೆ ಕಥೆ ಮುಗಿದಿತ್ತು.

"ಸಂದರ್ಭ ನೋಡಿದರೆ ಗೊತ್ತಾಗಲ್ವೇನ್ರೀ, ಇದಕ್ಕೆಲ್ಲ ಗಣಿತ ಬೇಕಾ?" ಅಂತ ಕೆಲವರು ಕೇಳಬಹುದು. ಗೊತ್ತಾಗುತ್ತೆ, ಒಪ್ಪಿದೆ. ಆದರೆ ಯಾರಿಗೆ ಗೊತ್ತಾದದ್ದು ಲೆಕ್ಕಕ್ಕೆ ಬರುತ್ತೆ? ಅಂದು ಇಬ್ಬರಿಗೂ ಒಂದೊಂದು ಅರ್ಥ ಗೊತ್ತಾಗಿತ್ತು. ಬೆತ್ತ ಇದ್ದವರ ಅರ್ಥ ಗೆದ್ದಿತು. ಎರಡರ್ಥದ ವಾಕ್ಯ ಯಾವಾಗಲೂ ಹೀಗೆಯೇ. ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ ಗುಮಾಸ್ತನ ಅರ್ಥ ಗೆಲ್ಲುತ್ತೆ, ಇನ್ಶೂರೆನ್ಸ್ ಕಾಗದದಲ್ಲಿ ಕಂಪನಿಯವರ ಅರ್ಥ ಗೆಲ್ಲುತ್ತೆ, ಬಾಡಿಗೆ ಕರಾರಿನಲ್ಲಿ ಮನೆ ಓನರ್ ಅರ್ಥ ಗೆಲ್ಲುತ್ತೆ. "ಸಾರ್, ಈ ವಾಕ್ಯಕ್ಕೆ ಎರಡು ಅರ್ಥ ಇದೆ, ನೀವು ಯಾವುದನ್ನು ಹೇಳ್ತಿದ್ದೀರಿ?" ಅಂತ ಕೇಳುವ ಧೈರ್ಯ ಬರಬೇಕಾದರೆ ಮೊದಲು ಎರಡು ಅರ್ಥ ಇದೆ ಅಂತ ಕಾಣಬೇಕು. ಹೈಸ್ಕೂಲಿನ ಗಣಿತದಲ್ಲಿ ಈ ಕಣ್ಣು ಕೊಡಬಹುದಾಗಿದ್ದ ಪಾಠ ಅಂದರೆ ಗಣಗಳದ್ದೇ. ಅದನ್ನು ನಾವು ಏನು ಮಾಡಿದೆವು?

ತಾಳೆ ನೋಡು, ನಾಲ್ಕು ಮಾರ್ಕ್ಸ್ ತಗೋ

ನಾವು ಅದನ್ನು ಮಾರ್ಕ್ಸಿನ ಮಷೀನು ಮಾಡಿದೆವು. ವಿಶ್ವಗಣ 1ರಿಂದ 10ರವರೆಗಿನ ಸಂಖ್ಯೆಗಳು. ಒಂದು ಗಣದಲ್ಲಿ ಸಮಸಂಖ್ಯೆಗಳು, ಇನ್ನೊಂದರಲ್ಲಿ ಮೂರರ ಅಪವರ್ತ್ಯಗಳು. ಡಿ ಮಾರ್ಗನ್ ನಿಯಮವನ್ನು ತಾಳೆ ನೋಡಿ. ಎಡಭಾಗ, ಬಲಭಾಗ, ಎರಡೂ ಸಮ, ಕೆಳಗೆ ಎರಡು ಗೆರೆ ಎಳಿ. ಹುಡುಗರಿಗೆ ಖುಷಿ, ಮೇಷ್ಟ್ರಿಗೆ ಖುಷಿ, ಶಾಲೆಯ ಫಲಿತಾಂಶಕ್ಕೂ ಖುಷಿ. ಬಟ್ಟಲು ನೆಟ್ಟಗಿದ್ದರೆ ಸಂಯೋಗ (∪), ಬೋರಲು ಹಾಕಿದರೆ ಛೇದನ (∩). ಇಷ್ಟು ನೆನಪಿಟ್ಟುಕೊಂಡರೆ ಸಾಕು ಅಂತ ನಮಗೆ ಟ್ಯೂಷನ್ನಿನಲ್ಲಿ ಹೇಳಿಕೊಟ್ಟಿದ್ದರು.

ಇದರಲ್ಲಿ ಎರಡು ಅನ್ಯಾಯ ಇದೆ.

ಒಂದು, ಒಂದು ಉದಾಹರಣೆಯಲ್ಲಿ ತಾಳೆಯಾದರೆ ನಿಯಮ ನಿಜ ಅನ್ನುವ ಭ್ರಮೆ ಮಗುವಿನ ತಲೆಯಲ್ಲಿ ಕೂರುತ್ತದೆ. 3 ಅವಿಭಾಜ್ಯ, 5 ಅವಿಭಾಜ್ಯ, 7 ಅವಿಭಾಜ್ಯ, ಆದ್ದರಿಂದ ಒಂದಕ್ಕಿಂತ ದೊಡ್ಡ ಬೆಸಸಂಖ್ಯೆಗಳೆಲ್ಲ ಅವಿಭಾಜ್ಯ ಅಂದ ಹಾಗಾಯಿತು. 9 ಬಂದು ಮೂಗಿಗೆ ಗುದ್ದುವ ತನಕ ಸುಖವಾಗಿರಬಹುದು.

ಎರಡು, ಆ ನಿಯಮದ ನಿಜವಾದ ಸಾಧನೆ ತಾಳೆ ನೋಡುವುದಕ್ಕಿಂತ ಸುಲಭ! ಸಂಖ್ಯೆಯೇ ಬೇಡ, ನಾಲ್ಕು ಸಾಲು ಕನ್ನಡ ಸಾಕು. ಒಬ್ಬ ಹುಡುಗಿ "ಎರಡರಲ್ಲೂ ಪಾಸಾದವರ" ಗಣದಿಂದ ಹೊರಗಿದ್ದಾಳೆ ಅನ್ನಿ. ಹಾಗಾದರೆ ಅವಳು ಕನಿಷ್ಠ ಒಂದರಲ್ಲಿ ಪಾಸಾಗಿಲ್ಲ. ಅಂದರೆ ಗಣಿತದಲ್ಲಿ ಪಾಸಾಗದವರ ಗಣದಲ್ಲೋ ವಿಜ್ಞಾನದಲ್ಲಿ ಪಾಸಾಗದವರ ಗಣದಲ್ಲೋ ಇದ್ದೇ ಇದ್ದಾಳೆ. ಈಗ ಉಲ್ಟಾ ಹೊರಡಿ. ಇವೆರಡರಲ್ಲಿ ಯಾವುದಾದರೊಂದು ಗಣದಲ್ಲಿ ಇರುವವಳು "ಎರಡರಲ್ಲೂ ಪಾಸಾದವರ" ಜೊತೆ ಕೂರಲು ಸಾಧ್ಯವಿಲ್ಲ. ಆ ಕಡೆ ಇರುವವರೆಲ್ಲ ಈ ಕಡೆ ಇದ್ದಾರೆ, ಈ ಕಡೆಯವರೆಲ್ಲ ಆ ಕಡೆ ಇದ್ದಾರೆ, ಆದ್ದರಿಂದ ಎರಡೂ ಒಂದೇ ಗಣ. ಮುಗೀತು. ಮಕ್ಕಳು ಬರೆಯಬಹುದಾದ ಇಷ್ಟು ಚೆಂದದ ಸಾಧನೆಯನ್ನು ಬಿಟ್ಟು ಎಡಭಾಗ ಬಲಭಾಗ ಮಾಡಿಸುತ್ತೇವಲ್ಲ, ಏನನ್ನಬೇಕು?

ಅಂದ ಹಾಗೆ ಈ ಡಿ ಮಾರ್ಗನ್ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಮಧುರೆಯಲ್ಲಿ, 1806ರಲ್ಲಿ! ಅಪ್ಪ ಕಂಪನಿ ಸರ್ಕಾರದ ಸೈನ್ಯದಲ್ಲಿದ್ದರು. ಮಗು ಚಿಕ್ಕದಿದ್ದಾಗಲೇ ಇಂಗ್ಲೆಂಡಿಗೆ ಹೋದರು. ಈ ನಿಯಮ ಅವರ ಹೆಸರಿನಲ್ಲಿದ್ದರೂ, 14ನೇ ಶತಮಾನದಲ್ಲೇ ಓಕ್‌ಹ್ಯಾಮ್‌ನ ವಿಲಿಯಂ ಇದನ್ನು ಮಾತಿನಲ್ಲಿ ಹೇಳಿದ್ದ. ಬಟ್ಟಲು ಇರಲಿಲ್ಲ, ಬೋರಲು ಇರಲಿಲ್ಲ. "ಮತ್ತು", "ಅಥವಾ", "ಅಲ್ಲ" ಇಷ್ಟರಲ್ಲೇ ಹೇಳಿದ್ದ. ಅಂದರೆ ಇದು ಹುಟ್ಟಿದ್ದೇ ಭಾಷೆಯಲ್ಲಿ, ಚಿಹ್ನೆಗಳು ಆಮೇಲೆ ಬಂದವು. ನಾವು ಚಿಹ್ನೆಗಳನ್ನು ಇಟ್ಟುಕೊಂಡು ಭಾಷೆಯನ್ನು ಬಿಸಾಕಿದ್ದೇವೆ.

ನಮ್ಮ "ಮತ್ತು", ನಮ್ಮ "ಎಲ್ಲ"

ಪುಸ್ತಕದಲ್ಲಿ "ಮತ್ತು ಅಂದರೆ ಛೇದನ, ಅಥವಾ ಅಂದರೆ ಸಂಯೋಗ" ಅಂತ ಬಾಕ್ಸ್ ಹಾಕಿ ಬರೆಸುತ್ತಾರೆ. ಈಗ ಬಸ್ಸು ಹತ್ತಿ. "ಹಿರಿಯ ನಾಗರಿಕರು ಮತ್ತು ಅಂಗವಿಕಲರಿಗೆ ಮೀಸಲು." ಛೇದನ ಅಂತ ಓದಿದರೆ ವಯಸ್ಸಾಗಿರುವ ಅಂಗವಿಕಲರು ಮಾತ್ರ ಕೂರಬೇಕು! ಯಾರೂ ಹಾಗೆ ಓದಲ್ಲ, ಅದು ಸಂಯೋಗ. "ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ" ಅಂದಾಗ ಛೇದನ ಹುಡುಕಿಕೊಂಡು ಹೋದರೆ ಸಿಗುವುದು ಶೂನ್ಯಗಣ, ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ "ಆಧಾರ್ ಮತ್ತು ಪಡಿತರ ಚೀಟಿ ಇರುವವರು ಬನ್ನಿ" ಅಂದಾಗ ಎರಡೂ ಇರಬೇಕು, ಅದು ಛೇದನ. ಪದ ಒಂದೇ, ಬಟ್ಟಲು ಒಮ್ಮೆ ನೆಟ್ಟಗೆ, ಒಮ್ಮೆ ಬೋರಲು.

ಸರಿ, ಇವನ್ನು ನಾವು ಹೇಗೋ ಸರಿಯಾಗಿ ಓದಿಕೊಳ್ಳುತ್ತೇವೆ. "ಟೈಪಿಂಗ್ ಮತ್ತು ಅಕೌಂಟ್ಸ್ ಗೊತ್ತಿರುವವರು ಬೇಕಾಗಿದ್ದಾರೆ" ಅನ್ನುವ ಜಾಹೀರಾತನ್ನು ಹೇಗೆ ಓದುವುದು? ಇಬ್ಬರು ಬೇಕೋ, ಎರಡೂ ಬಲ್ಲ ಒಬ್ಬರು ಬೇಕೋ? ಕೆಲಸ ಹುಡುಕುತ್ತಿರುವವರಿಗೆ ಇದು ವ್ಯಾಕರಣದ ಪ್ರಶ್ನೆಯಲ್ಲ, ಬಸ್ ಚಾರ್ಜು ಖರ್ಚು ಮಾಡಿಕೊಂಡು ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆ.

"ಎಲ್ಲ" ಇನ್ನೊಂದು ಪೀಕಲಾಟ. "ಎಲ್ಲರೂ ಹೋಂವರ್ಕ್ ಮಾಡಿಲ್ಲ" ಅಂದರೆ ಒಬ್ಬರೂ ಮಾಡಿಲ್ಲವೋ, ಕೆಲವರು ಮಾಡಿ ಕೆಲವರು ಬಿಟ್ಟಿದ್ದಾರೋ? ಕನ್ನಡದಲ್ಲಿ ಎರಡಕ್ಕೂ ಇದೇ ಮಾತು ಓಡುತ್ತದೆ. "ಎಲ್ಲರೂ ಪಾಸು" ಅನ್ನುವುದರ ವಿರುದ್ಧ ಏನು ಅಂತ ಯಾವ ಮಗುವನ್ನಾದರೂ ಕೇಳಿ, "ಎಲ್ಲರೂ ಫೇಲು" ಅಂತ ಥಟ್ಟನೆ ಹೇಳುತ್ತದೆ. ಅಲ್ಲ! ಒಬ್ಬ ಫೇಲಾದರೆ ಸಾಕು, "ಎಲ್ಲರೂ ಪಾಸು" ಸುಳ್ಳಾಯಿತು. ಟೀವಿ ಚರ್ಚೆಗಳಲ್ಲಿ ದೊಡ್ಡವರು ಮಾಡುವುದೂ ಇದೇ ತಪ್ಪನ್ನೇ. "ಆ ಜಾತಿಯವರೆಲ್ಲ ಹೀಗೆ" ಅಂತ ಒಬ್ಬರು ಅಂದರೆ, "ಆ ಜಾತಿಯವರು ಯಾರೂ ಹಾಗಲ್ಲ" ಅಂತ ಇನ್ನೊಬ್ಬರು ಕಿರುಚುತ್ತಾರೆ. ಮೊದಲನೆಯವರ ಮಾತು ಸುಳ್ಳು ಅನ್ನುವುದಕ್ಕೆ ಹಾಗಲ್ಲದ ಒಬ್ಬ ವ್ಯಕ್ತಿ ಸಾಕಾಗಿತ್ತು. ಎರಡನೆಯವರು ತಮಗೆ ಬೇಕಿಲ್ಲದ ಹೊರೆಯನ್ನು ತಾವೇ ತಲೆ ಮೇಲೆ ಹೊತ್ತುಕೊಂಡು ಕುಸಿದು ಬೀಳುತ್ತಾರೆ.

ಇದು ಇಂಗ್ಲಿಷ್ ಪುಸ್ತಕದಿಂದ ಅನುವಾದ ಮಾಡಿ ಕಲಿಸುವಂಥದ್ದಲ್ಲ. ಇಂಗ್ಲಿಷಿನ ಗೊಂದಲಗಳೇ ಬೇರೆ, ನಮ್ಮ ಗೊಂದಲಗಳೇ ಬೇರೆ. ನಮ್ಮ "ಊ"ಕಾರ ಎಲ್ಲಿ ಕೂತರೆ ಯಾವ ಗಣ ಹುಟ್ಟುತ್ತದೆ ಅನ್ನುವುದನ್ನು ಕನ್ನಡದಲ್ಲೇ ಕಲಿಸಬೇಕು, ಕನ್ನಡದ ವಾಕ್ಯಗಳಿಂದಲೇ ಕಲಿಸಬೇಕು.

ಇಲ್ಲದ ಕೂಸಿನ ಕುಲಾವಿ

ಶೂನ್ಯಗಣ ಎಲ್ಲ ಗಣಗಳಿಗೂ ಉಪಗಣ. ಇದನ್ನು ನಮ್ಮ ಮೇಷ್ಟ್ರು "ಹಾಗೆ ಅಂತ ಬರ್ಕೊಳ್ಳಿ" ಅಂದಿದ್ದರು. ಯಾಕೆ ಸಾರ್ ಅಂತ ಕೇಳಿದವನಿಗೆ "ಕೇಳಬೇಡ, ಒಂದು ಮಾರ್ಕಿಗೆ ಬರುತ್ತೆ" ಅಂತ ಉತ್ತರ.

ಯಾಕೆ ಅಂದರೆ, ಒಂದು ಗಣ ಇನ್ನೊಂದರ ಉಪಗಣ ಅಲ್ಲ ಅಂತ ತೋರಿಸಬೇಕಾದರೆ ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿಲ್ಲದ ಒಂದು ಗಣಾಂಶವನ್ನು ಹಿಡಿದು ತಂದು ತೋರಿಸಬೇಕು. ಶೂನ್ಯಗಣದಿಂದ ಏನನ್ನು ಹಿಡಿದು ತರುತ್ತೀರಿ? ತರಲು ಏನೂ ಇಲ್ಲ, ಆದ್ದರಿಂದ ತಕರಾರು ನಿಲ್ಲಲ್ಲ. "ಕೂಸು ಹುಟ್ಟುವ ಮುಂಚೆ ಕುಲಾವಿ" ಅಂತ ಗಾದೆ ಇದೆಯಲ್ಲ. ಮಕ್ಕಳೇ ಇಲ್ಲದ ಮನೆಯಲ್ಲಿ ನಿಂತು "ಈ ಮನೆಯ ಕೂಸುಗಳೆಲ್ಲ ಕುಲಾವಿ ಹಾಕ್ಕೊಂಡಿವೆ" ಅಂತ ನಾನು ಅಂದರೆ ಅದನ್ನು ಸುಳ್ಳು ಮಾಡಲು ನಿಮಗೆ ಕುಲಾವಿ ಇಲ್ಲದ ಒಂದು ಕೂಸು ಬೇಕು. ಇಲ್ಲ! ಹಾಗಾಗಿ ನನ್ನ ಮಾತು ನಿಜ, ಆದರೆ ಟೊಳ್ಳು ನಿಜ. "ನಮ್ಮ ಇಲಾಖೆಗೆ ಬಂದ ದೂರುಗಳನ್ನೆಲ್ಲ ಇತ್ಯರ್ಥ ಮಾಡಿದ್ದೇವೆ" ಅಂತ ಯಾರಾದರೂ ಎದೆ ತಟ್ಟಿಕೊಂಡಾಗ "ಬಂದದ್ದು ಎಷ್ಟು?" ಅಂತ ಕೇಳಬೇಕು ಅನ್ನುವುದು ಶೂನ್ಯಗಣದ ಪಾಠ. ಒಂದು ಮಾರ್ಕಿನದು ಅಂತ ಬಿಡುವಂಥದ್ದೇ?

ಇನ್ನು ಗಣದ ವ್ಯಾಖ್ಯೆ. "ಸರಿಯಾಗಿ ನಿರೂಪಿಸಿದ ವಸ್ತುಗಳ ಸಮೂಹ." ಕ್ಲಾಸಿನ ಎತ್ತರದ ಹುಡುಗರು ಗಣವಲ್ಲ, 160 ಸೆಂಟಿಮೀಟರಿಗಿಂತ ಎತ್ತರ ಇರುವ ಹುಡುಗರು ಗಣ. ಇಷ್ಟು ಹೇಳಿ ಮುಂದೆ ಓಡುತ್ತಾರೆ. ನಿಲ್ಲಿ ಸ್ವಾಮಿ, ಇಲ್ಲೇ ಇರೋದು ಮಜಾ. "ಬಡವರು" ಗಣವಲ್ಲ, "ವಾರ್ಷಿಕ ಆದಾಯ ಇಷ್ಟಕ್ಕಿಂತ ಕಡಿಮೆ ಇರುವವರು" ಗಣ. ಗೆರೆ ಎಳೆದ ಕೂಡಲೇ ಗಣ ಆಯಿತು, ಆದರೆ ನ್ಯಾಯ ಆಯಿತೇ? ಗೆರೆಗಿಂತ ಒಂದು ರೂಪಾಯಿ ಜಾಸ್ತಿ ಇರುವವನು ಹೊರಗೆ. ಗೆರೆ ಸ್ಪಷ್ಟವಾಗಿದೆ ಅನ್ನುವುದು ಬೇರೆ, ಸರಿಯಾದ ಜಾಗದಲ್ಲಿದೆ ಅನ್ನುವುದು ಬೇರೆ. ಗಣಿತ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಎರಡನೆಯದನ್ನು ನಾವು ಜಗಳ ಮಾಡಿಯೇ ತೀರ್ಮಾನಿಸಬೇಕು.

ಇನ್ನೊಂದು ಸೂಕ್ಷ್ಮ ಇದೆ. ಸರಿಯಾಗಿ ನಿರೂಪಿಸಿದೆ ಅಂದರೆ ಉತ್ತರ ನಮಗೆ ಗೊತ್ತಿರಬೇಕು ಅಂತಲ್ಲ, ಉತ್ತರ ಹೌದು ಅಥವಾ ಅಲ್ಲ ಅಂತ ಇರಬೇಕು ಅಷ್ಟೇ. ತನಗಿಂತ ಚಿಕ್ಕ ಭಾಜಕಗಳನ್ನು ಕೂಡಿದರೆ ತಾನೇ ಸಿಗುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ. 6 = 1+2+3. 28 = 1+2+4+7+14. ಬೆಸ ಪರಿಪೂರ್ಣ ಸಂಖ್ಯೆಗಳ ಗಣ ಅಂದರೆ ಅದು ಪಕ್ಕಾ ಗಣ. ಆದರೆ ಅದರಲ್ಲಿ ಒಂದಾದರೂ ಸಂಖ್ಯೆ ಇದೆಯೋ, ಅದು ಶೂನ್ಯಗಣವೋ ಅಂತ ಜಗತ್ತಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ! ಹೈಸ್ಕೂಲಿನ ಮಗುವಿಗೆ ಅರ್ಥವಾಗುವ, ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಹಿಂದಿನ ಬೆಂಚಿನವನೂ ತಲೆ ಎತ್ತುತ್ತಾನೆ.

ಪಕ್ಕದ ಪೀರಿಯಡ್ಡಿನಲ್ಲೇ ಇತ್ತು

ಕವಿತೆ ಬರೆಯುವ ಬ್ಲಾಗಿಗರೇ, ಇಷ್ಟು ಹೊತ್ತಿಗೆ ನೀವು ಆಕಳಿಸುತ್ತಿರಬಹುದು. ಈ ಭಾಗ ನಿಮಗೆ.

ಗಣಿತದ ಪೀರಿಯಡ್ ಮುಗಿದ ಮೇಲೆ ಕನ್ನಡ ಪಂಡಿತರು ಬಂದು ಛಂದಸ್ಸು ಮಾಡುತ್ತಿದ್ದರು. ಅಲ್ಲೂ ಗಣ! ಮೂರು ಅಕ್ಷರಕ್ಕೆ ಒಂದು ಗಣ. ಅಕ್ಷರ ಒಂದೋ ಲಘು, ಇಲ್ಲವೇ ಗುರು. ಯಮಾತಾರಾಜಭಾನಸಲಗಂ. ಒಟ್ಟು ಎಂಟು ಅಕ್ಷರಗಣಗಳು. ಎಂಟೇ ಯಾಕೆ, ಒಂಬತ್ತು ಯಾಕಿಲ್ಲ?

ಮೂರು ಜಾಗ ಇದೆ. ಯಾವ್ಯಾವ ಜಾಗದಲ್ಲಿ ಗುರು ಕೂತಿದೆ ಅಂತ ಪಟ್ಟಿ ಮಾಡಿ. ಮೂರೂ ಜಾಗದಲ್ಲಿ ಗುರು ಇದ್ದರೆ ಮಗಣ. ಎಲ್ಲೂ ಗುರು ಇಲ್ಲದಿದ್ದರೆ ನಗಣ. ಮೊದಲ ಜಾಗದಲ್ಲಿ ಮಾತ್ರ ಗುರು ಇದ್ದರೆ ಭಗಣ, ನಡುವೆ ಮಾತ್ರ ಇದ್ದರೆ ಜಗಣ, ಕೊನೆಯಲ್ಲಿ ಮಾತ್ರ ಇದ್ದರೆ ಸಗಣ. ಮೊದಲೆರಡರಲ್ಲಿ ಇದ್ದರೆ ತಗಣ, ಕೊನೆಯೆರಡರಲ್ಲಿ ಇದ್ದರೆ ಯಗಣ, ಮೊದಲು ಮತ್ತು ಕೊನೆಯಲ್ಲಿ ಇದ್ದರೆ ರಗಣ. ಈಗ ಗಣಿತದ ನೋಟ್‌ಬುಕ್ ತೆಗೆಯಿರಿ. ಮೂರು ಗಣಾಂಶ ಇರುವ ಗಣಕ್ಕೆ ಎಷ್ಟು ಉಪಗಣಗಳು? ಎರಡನ್ನು ಮೂರು ಸಲ ಗುಣಿಸಿ: ಎಂಟು. ಈ ಎಂಟು ಆ ಎಂಟೇ! ನಗಣ ಅಂದರೆ ಶೂನ್ಯಗಣ, ಮಗಣ ಅಂದರೆ ಇಡೀ ಗಣ, ಉಳಿದ ಆರು ನಡುವಿನವು. ಗಣ ಅನ್ನುವ ಪದ ಎರಡೂ ಕಡೆ ಬಂದದ್ದು ಕಾಕತಾಳೀಯ ಇರಬಹುದು, ಎಂಟು ಬಂದದ್ದು ಕಾಕತಾಳೀಯ ಅಲ್ಲ.

ಮಕ್ಕಳು "ಶೂನ್ಯಗಣ ಯಾಕೆ ಎಣಿಸಬೇಕು, ಅದರಲ್ಲಿ ಏನೂ ಇಲ್ವಲ್ಲ" ಅಂತ ಕೇಳುತ್ತಾರೆ. ನಗಣವನ್ನು ಬಿಟ್ಟು ಪದ್ಯಕ್ಕೆ ಪ್ರಸ್ತಾರ ಹಾಕಿ ತೋರಿಸಪ್ಪಾ ಅನ್ನಿ, ಸಾಕು. ಎರಡು ಪೀರಿಯಡ್ಡಿನ ನಡುವೆ ಒಂದು ಗಂಟೆಯ ಸದ್ದು ಮಾತ್ರ ಇತ್ತು. ಯಾರೂ ದಾಟಲಿಲ್ಲ.

ಕಿತ್ತು ಹಾಕಿದವರಿಗೆ

ಕೆಟ್ಟದಾಗಿ ಕಲಿಸುತ್ತಿದ್ದೆವು, ಸರಿ. ಆಮೇಲೆ ಏನಾಯಿತು? ನಮ್ಮ ರಾಜ್ಯದ ಹೈಸ್ಕೂಲಿಗೆ ಎನ್‌ಸಿಇಆರ್‌ಟಿ ಗಣಿತ ಪಠ್ಯ ಬಂದಾಗ ಹತ್ತನೇ ತರಗತಿಯಿಂದ ಗಣಗಳ ಅಧ್ಯಾಯವೇ ಹೋಯಿತು. ಆ ಪಠ್ಯಕ್ರಮದಲ್ಲಿ ಅದು ಬರುವುದು ಹನ್ನೊಂದನೇ ತರಗತಿಯಲ್ಲಿ, ಮೊದಲನೇ ಅಧ್ಯಾಯವಾಗಿ. "ಅಲ್ಲಿ ಕಲೀತಾರೆ ಬಿಡಿ" ಅನ್ನುತ್ತಾರೆ. ಯಾರು ಕಲಿಯುತ್ತಾರೆ? ಪಿಯುಸಿಯಲ್ಲಿ ಗಣಿತ ತೆಗೆದುಕೊಂಡವರು. ಯಾವ ಭಾಷೆಯಲ್ಲಿ? ಬಹುಪಾಲು ಇಂಗ್ಲಿಷಿನಲ್ಲಿ.

ನನ್ನ ಅಕ್ಕನ ಮಗಳು ಹತ್ತರವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಸೇರಿದ ಮೊದಲ ವಾರವೇ ಫೋನ್ ಮಾಡಿದಳು. "ಮಾಮ, ವೆಲ್ ಡಿಫೈನ್ಡ್ ಅಂದ್ರೆ ಏನು?"

"ನಿಂಗೇನು ಅನ್ಸುತ್ತೆ ಪುಟ್ಟಿ?"

"ನೀಟಾಗಿ ಬರ್ದಿರೋದು ಅಂತ."

ನಗು ಬಂತು, ಆಮೇಲೆ ಬೇಜಾರಾಯಿತು. ಎಂಟು ಗಣಗಳನ್ನು ಬಾಯಲ್ಲಿ ಹೇಳಬಲ್ಲ ಹುಡುಗಿ. ಅವಳಿಗೆ ಒಳಗೆ ಹೋಗುವ ಬಾಗಿಲು ಕನ್ನಡದಲ್ಲೇ ಇತ್ತು. ನಾವು ಆ ಬಾಗಿಲಿಗೆ ಬೀಗ ಹಾಕಿ, ಇಂಗ್ಲಿಷಿನ ಕಿಟಕಿಯಿಂದ ಹತ್ತಿ ಬಾ ಅನ್ನುತ್ತಿದ್ದೇವೆ. ಅವಳಾದರೂ ಹತ್ತುತ್ತಾಳೆ. ಆರ್ಟ್ಸ್ ತೆಗೆದುಕೊಂಡವರು, ಐಟಿಐಗೆ ಹೋದವರು, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರು? ಅವರಿಗೆ ಈ ಪಾಠ ಬರುವುದೇ ಇಲ್ಲ. ಆದರೆ ನಾಳೆ ನೋಟೀಸು ಬರೆಯುವ ಗುಮಾಸ್ತರು, ಕರಾರು ಓದುವ ವಕೀಲರು, ವರದಿ ಬರೆಯುವ ಪತ್ರಕರ್ತರು, ಅರ್ಜಿ ತುಂಬುವ ಜನರು ಬಹಳ ಮಟ್ಟಿಗೆ ಇವರೇ! ಇಂಜಿನಿಯರಿಗೆ ಈ ಪಾಠ ತಪ್ಪಿದರೂ ಡೇಟಾಬೇಸ್ ಅವನಿಗೆ ಒದ್ದು ಕಲಿಸುತ್ತದೆ. ಇವರಿಗೆ ಕಲಿಸುವವರು ಯಾರು?

ಎದುರು ವಾದ ನನಗೆ ಗೊತ್ತು. ಅಮೆರಿಕದವರು 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿದ ಗಾಬರಿಯಲ್ಲಿ 'ನ್ಯೂ ಮ್ಯಾಥ್' ಅಂತ ಮಾಡಿ ಚಿಕ್ಕ ಮಕ್ಕಳಿಗೂ ಗಣಗಳನ್ನು ತುಂಬಿದರು, ಅದು ತೋಪಾಯಿತು. ಕ್ಯಾಲಿಫೋರ್ನಿಯಾದ ಪಠ್ಯಪುಸ್ತಕ ಆಯ್ಕೆ ಸಮಿತಿಯಲ್ಲಿದ್ದ ಭೌತವಿಜ್ಞಾನಿ ಫೈನ್‌ಮನ್ 1965ರಲ್ಲಿ ಈ ಪುಸ್ತಕಗಳನ್ನು ಚೆನ್ನಾಗಿ ಜಾಡಿಸಿ ಬರೆದರು. 1973ರಲ್ಲಿ ಮಾರಿಸ್ ಕ್ಲೈನ್ 'ವೈ ಜಾನಿ ಕಾಂಟ್ ಆಡ್' ಅಂತ ಪುಸ್ತಕವನ್ನೇ ಬರೆದರು. ಎಲ್ಲ ನಿಜ. ನಾನು ಅವರ ಕಡೆಗೇ ಇದ್ದೇನೆ! ಫೈನ್‌ಮನ್ ಬೈದದ್ದು ಪದ ಮತ್ತು ಚಿಹ್ನೆಗಳನ್ನು ಕಲಿಸಿ ಅದರಿಂದ ಯಾವ ಕೆಲಸವನ್ನೂ ಮಾಡಿಸದ ಪುಸ್ತಕಗಳನ್ನು. ಅದೇ ರೋಗ ನಮ್ಮ "ತಾಳೆ ನೋಡಿ"ಯಲ್ಲೂ ಇತ್ತು. ಆರು ವರ್ಷದ ಮಗುವಿಗೆ ಗಣಗಳು ಬೇಡ, ಕೂಡುವುದು ಕಳೆಯುವುದು ಬರಲಿ. ಆದರೆ ಹದಿನಾಲ್ಕು ಹದಿನೈದಕ್ಕೆ ಮಕ್ಕಳು ವಾದ ಮಾಡಲು ಶುರು ಮಾಡುತ್ತಾರೆ (ಮನೆಯಲ್ಲಿ ಇರುವವರನ್ನು ಕೇಳಿ ನೋಡಿ). ವಾದ ಮಾಡುವ ವಯಸ್ಸಿಗೇ ವಾದದ ಲೆಕ್ಕ ಸಿಗಬೇಕು. ಔಷಧಿಯನ್ನು ತಪ್ಪಾಗಿ ಕೊಟ್ಟರು ಅಂತ ಔಷಧಿಯನ್ನೇ ಚರಂಡಿಗೆ ಸುರಿಯುತ್ತಾರೆಯೇ?

"ಪಠ್ಯದ ಹೊರೆ ಜಾಸ್ತಿ" ಅನ್ನುವವರಿಗೆ ಒಂದೇ ಮಾತು. ನಾನು ಕೇಳುತ್ತಿರುವುದು ಹತ್ತು ಪೀರಿಯಡ್. ಎಂಟು ಅಥವಾ ಒಂಬತ್ತನೇ ತರಗತಿಯಲ್ಲಿ. ಮೂರು ಪೀರಿಯಡ್ ನೋಟೀಸು, ಜಾಹೀರಾತು, ಅರ್ಜಿಗಳ ವಾಕ್ಯ ತಂದು ವೆನ್ ಚಿತ್ರ ಬರೆದು ಬಿಡಿಸುವುದು. ಮೂರು ಪೀರಿಯಡ್ "ಎಲ್ಲ", "ಕೆಲವು", "ಯಾರೂ ಇಲ್ಲ" ಮತ್ತು ಶೂನ್ಯಗಣ. ಎರಡು ಪೀರಿಯಡ್ ಎಣಿಕೆ, ಕಾಫಿ ಟೀ ಲೆಕ್ಕ ಇಲ್ಲಿ ಬರಲಿ ಪಾಪ. ಎರಡು ಪೀರಿಯಡ್ ಕನ್ನಡ ಪಂಡಿತರೂ ಗಣಿತದ ಮೇಷ್ಟ್ರೂ ಒಟ್ಟಿಗೆ ನಿಂತು ಪ್ರಸ್ತಾರ. ಚಿಹ್ನೆಗಳು ಕೊನೆಗೆ ಬರಲಿ. ಪರೀಕ್ಷೆಯಲ್ಲಿ "ತಾಳೆ ನೋಡಿ" ಬೇಡ, "ಈ ವಾಕ್ಯಕ್ಕೆ ಎರಡು ಅರ್ಥ ಇದೆ, ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ" ಅಂತ ಕೇಳಲಿ.

ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಮೇಷ್ಟ್ರುಗಳಿದ್ದೀರಿ, ಅಪ್ಪ ಅಮ್ಮಂದಿರಿದ್ದೀರಿ. ನಿಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಕಣ್ಣಿಗೆ ಬಿದ್ದ ಎರಡರ್ಥದ ಕನ್ನಡ ವಾಕ್ಯ ಒಂದನ್ನು ಬರೆದುಕೊಂಡು ಬನ್ನಿ. ಕೆಳಗೆ ಕಾಮೆಂಟಿನಲ್ಲಿ ಹಾಕಿ, ಇಲ್ಲವೇ ನಿಮ್ಮ ಬ್ಲಾಗಿನಲ್ಲೇ ಬರೆದು ನನಗೊಂದು ಕೊಂಡಿ ಕಳಿಸಿ. ಎರಡು ವೃತ್ತ ಎಳೆದು ಯಾವ ಭಾಗಕ್ಕೆ ಬಣ್ಣ ಹಚ್ಚಬೇಕು ಅಂತ ಜಗಳ ಆಡೋಣ. ಇಪ್ಪತ್ತು ಮೂವತ್ತು ಸೇರಿದರೆ ಯಾವ ಮೇಷ್ಟ್ರು ಬೇಕಾದರೂ ಕ್ಲಾಸಿಗೆ ಒಯ್ಯಬಹುದಾದ ಪಾಠ ಆಗುತ್ತದೆ.

ನನ್ನದು ಮೊದಲನೆಯದು: "ಗಣಿತ ಮತ್ತು ವಿಜ್ಞಾನ ಎರಡರಲ್ಲೂ ಪಾಸಾಗದವರು." ಹೆಡ್‌ಮಾಸ್ಟರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಸಿಕ್ಕರೆ ಕಾಲಿಗೆ ನಮಸ್ಕಾರ ಮಾಡಿ, ಒಂದು ಏಟು ವಾಪಸ್ ತಗೊಳ್ಳಿ ಸಾರ್, ವಿಜ್ಞಾನದಲ್ಲಿ ನಾನು ಪಾಸಾಗಿದ್ದೆ ಅಂತ ಕೇಳಬೇಕು ಅಂತಿದ್ದೇನೆ.

ಏನಂತೀರಿ?